ಅಕ್ಕಿಕಾಳಿಗೆ ಮೊದಲು ನಿಂತ ಲಗ್ನ

ಹಳೇ ದಾಂಡೇಲಿ
೯ ಜನವರಿ ೨೦೨೫

ಪ್ರೀತಿಯ ಇವರಿಗೆ,

ಹೆಸರು ಬರೆಯೋಣವೆಂದರೆ ಅತ್ತಿ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ. ಗಂಡನ ಹೆಸರು ಬಾಯಲ್ಲಿ ಹೇಳಲು ಪ್ರಾಸ ಕೂಡಿಸಿ ಒಡಪು ಕಟ್ಟಬೇಕಂತೆ. ಕಾಗದದ ಮೇಲೆ ಏನು ನಿಯಮವೋ ನನಗೆ ಗೊತ್ತಿಲ್ಲ, ಮಹಾಬಳೇಶ್ವರ ಎಂಬ ಇಷ್ಟುದ್ದದ ಹೆಸರಿಗೆ ಒಡಪು ಹೊಂದಿಸುವಷ್ಟು ಕನ್ನಡವೂ ನನ್ನಲ್ಲಿಲ್ಲ. ಆದ್ದರಿಂದ ಸದ್ಯಕ್ಕೆ ‘ಇವರು’.

ಮೊಬೈಲ್ ಟವರ್ ಕಟ್ಟಲು ಹೋದ ಗಂಡನ ಜೊತೆಗೇ ಮೊಬೈಲಿನಲ್ಲಿ ಮಾತಾಡಲು ಬರುವುದಿಲ್ಲ ಎಂದರೆ ನನ್ನ ಗೆಳತಿಯರು ನಗುತ್ತಾರೆ. ಮೊದಲು ನಾನೂ ನಗುತ್ತಿದ್ದೆ. ಈಗ ಜೋಯಿಡಾ ಕಡೆಯ ವಸ್ತಿ ಬಸ್ಸೇ ನನ್ನ ಪ್ರಾಣ. ಸಂಜೆ ಹೋಗಿ, ನೀವಿರುವ ಹಳ್ಳಿಯಲ್ಲೇ ತಂಗಿ, ಬೆಳಿಗ್ಗೆ ತಿರುಗಿ ಬರುವ ಬಸ್ಸು ಇಷ್ಟು ಚಂದದ ವಸ್ತು ಎಂದು ಮದುವೆಗೆ ಮುಂಚೆ ನನಗೆ ತಿಳಿದಿರಲಿಲ್ಲ. ಕಂಡಕ್ಟರ್ ಕೈಗೆ ರೊಟ್ಟಿ ಗಂಟು, ಶೇಂಗಾ ಚಟ್ನಿ, ನಮ್ಮ ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಕೊಂಡ ಸ್ವೆಟರ್ ಮತ್ತು ಈ ಪತ್ರ ಕೊಡುತ್ತಿದ್ದೇನೆ. ಸ್ವೆಟರ್ ತಿಳಿನೀಲಿ. ನಿಮಗೆ ಒಪ್ಪುತ್ತದೆ. ನಿಮಗೆ ಎಲ್ಲವೂ ಒಪ್ಪುತ್ತದೆ.

ದೊಡ್ಡ ಸುದ್ದಿ ಎಂದರೆ ನಮ್ಮ ಲಗ್ನ ಬಂದಿದೆ. ವಿಡಿಯೊ ತೆಗೆದ ಸಾಂಬ್ರಾಣಿಯ ಕುಬೇರ ಅವರು ನಿನ್ನೆ ಮನೆಗೇ ಬಂದು ಪೆನ್‌ಡ್ರೈವ್ ಕೊಟ್ಟು, “ಭಾಳ ದೊಡ್ಡ ಕ್ವಾಲಿಟಿ ಐತ್ರಿ, ನಿಮ್ಮ ರೆಪ್ಪಿ ಕೂದಲಾ ಸೈತ ಎಣಿಸಬಹುದು” ಎಂದು ಹೇಳಿ, ಗೋವಾದಲ್ಲಿ ಕೆಲಸವಿದೆ ಎಂದು ಹೊರಟುಹೋದರು. ನಾನು ಕುಣಿಯುತ್ತಾ ನಿಮ್ಮ ಡಿಪ್ಲೊಮಾ ಕಾಲದ ಕಂಪ್ಯೂಟರಿಗೆ ಅದನ್ನು ಚುಚ್ಚಿದೆ. ಸನಾದಿ ಕೇಳಿಸಿತು, ಭಟ್ಟರ ಮಂತ್ರ ಕೇಳಿಸಿತು, ನಿಮ್ಮ ಸೋದರಮಾವ ಯಾರನ್ನೋ ಬಯ್ಯುವುದೂ ಕೇಳಿಸಿತು. ಚಿತ್ರ ಮಾತ್ರ ಇಲ್ಲ, ಬರೀ ಕಪ್ಪು. ಕಂಪ್ಯೂಟರಿನ ಜೊತೆಗೇ ಬಂದ ಪ್ಲೇಯರ್ ಅದು. ಇನ್ನೂ ಏನೋ ಒಂದನ್ನು ಹಾಕಿಕೊಳ್ಳಬೇಕು ಎಂದು ಸೂಚನೆ ತೋರಿಸುತ್ತದೆ. ನನ್ನ ಫೋನಿನಲ್ಲಿ ಹಚ್ಚಿದರೆ ಫೋನೇ ನಿಂತುಬಿಡುತ್ತದೆ. ನಮ್ಮ ಡಬ್ಬಿ ಟಿವಿಗೆ ಪೆನ್‌ಡ್ರೈವ್ ಚುಚ್ಚಲು ತೂತೇ ಇಲ್ಲ.

ಅತ್ತಿ ನಿನ್ನೆಯಿಂದ ಒಳಗೆ ಹೊರಗೆ ಓಡಾಡುತ್ತಾ, “ಹತ್ತಿತೇನವಾ, ಲಗ್ನದ ಕ್ಯಾಸೆಟ್ಟು?” ಎಂದು ಕೇಳುತ್ತಲೇ ಇದ್ದಾರೆ. ಇಷ್ಟು ಆಸೆಯಿಂದ ಅವರು ಏನನ್ನೂ ಕೇಳಿದ್ದು ನಾನು ಕಂಡಿಲ್ಲ. ಯಾವ ಪ್ಲೇಯರ್ ಹಾಕಿಕೊಳ್ಳಲಿ, ಬೇಗ ಹೇಳಿ. ಎಲ್ಲವನ್ನೂ ತೋರಿಸುವಂಥದ್ದು ಬೇಕು.

ಇನ್ನೊಂದು ಮಾತು. ಆಲ್ಬಮ್ ಕೂಡ ಬಂದಿದೆ. ನಮ್ಮ ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿನ ಫೋಟೊಗಳಲ್ಲೆಲ್ಲ ನೀವು ಎಡಕ್ಕೆ ತಿರುಗಿ ಎಲ್ಲೋ ನೋಡುತ್ತಿದ್ದೀರಿ. ನಾನು ಇತ್ತ ಕಡೆ ಅಂತರಪಟದ ಹಿಂದೆ ನಿಂತು ನಿಮಗಾಗಿ ಬೆವರುತ್ತಿದ್ದರೆ ನೀವು ಯಾರನ್ನು ನೋಡುತ್ತಿದ್ದಿರಿ? ಐಸ್‌ಕ್ರೀಮ್ ಕೌಂಟರ್ ಆ ಕಡೆಗೇ ಇತ್ತು ಎಂಬುದು ನನಗೆ ನೆನಪಿದೆ.

ನಿಮ್ಮ, ಬಹಳ ನಿಮ್ಮ,
ರಾಜಶ್ರೀ


ಟವರ್ ಕ್ಯಾಂಪ್
೧೧ ಜನವರಿ

ರಾಜಶ್ರೀ,

ರೊಟ್ಟಿ, ಸ್ವೆಟರ್ ತಲುಪಿದವು. ಸ್ವೆಟರ್ ಸರಿಯಾಗಿದೆ. ಇಲ್ಲಿ ಬೆಳಿಗ್ಗೆ ಕಬ್ಬಿಣ ಮುಟ್ಟಲು ಬರುವುದಿಲ್ಲ, ಅಷ್ಟು ಥಂಡಿ.

ಧ್ವನಿ ಬಂದು ಚಿತ್ರ ಬರದಿದ್ದರೆ ಫೈಲು ಕೆಟ್ಟಿಲ್ಲ. ಕುಬೇರ ಅದನ್ನು ಹೊಸ ರೀತಿಯಲ್ಲಿ ಒತ್ತಿ ಮಡಚಿ ಕೊಟ್ಟಿದ್ದಾನೆ. ಅದನ್ನು ಬಿಚ್ಚುವ ವಿದ್ಯೆ ನಮ್ಮ ಪ್ಲೇಯರಿಗೆ ಇಲ್ಲ. ವಿಎಲ್‌ಸಿ ಹಾಕಿಕೋ. ರಸ್ತೆ ಕೆಲಸದಲ್ಲಿ ಇಡುತ್ತಾರಲ್ಲ, ಕಿತ್ತಳೆ ಬಣ್ಣದ ಶಂಕು, ಅದೇ ಅದರ ಗುರುತು. ಪುಕ್ಕಟೆ ಸಿಗುತ್ತದೆ, ಜಾಹೀರಾತು ಇರುವುದಿಲ್ಲ, ಬಿಚ್ಚುವ ವಿದ್ಯೆಗಳೆಲ್ಲ ಅದರ ಒಳಗೇ ಇವೆ. ಫೋನಿನ ನೆಟ್ ಕೊಟ್ಟು, ಅದರ ಸ್ವಂತ ಜಾಲತಾಣದಿಂದಲೇ ಇಳಿಸಿಕೋ. ಹುಡುಕಿದಾಗ ಮೇಲೆ ಮೇಲೆ ಬರುವ ಹಸಿರು ಬಟನ್ ಒತ್ತಬೇಡ.

ಈಗಾಗಲೇ ಒತ್ತಿದ್ದರೆ ತೆಗೆದುಹಾಕು.

ಅವ್ವನಿಗೆ ಮೊಣಕಾಲು ಹೇಗಿದೆ ಎಂದು ಕೇಳು.

ಮಹಾಬಳೇಶ್ವರ


ಹಳೇ ದಾಂಡೇಲಿ
೧೬ ಜನವರಿ

ಪ್ರೀತಿಯ ಇವರಿಗೆ,

ನಾನು ಒತ್ತಿದ್ದೆ. ನಿಮ್ಮ ಪತ್ರ ಬರುವುದರೊಳಗೆ ಹಸಿರು ಬಟನ್ನು ಒತ್ತಿ ಆಗಿತ್ತು. ಅದು ಲಗ್ನ ತೋರಿಸಲಿಲ್ಲ, ರಮ್ಮಿ ಆಟ ತೋರಿಸಿತು. ಕಂಪ್ಯೂಟರ್ ಹಚ್ಚಿದ ಕೂಡಲೇ ಇಸ್ಪೀಟ್ ರಾಣಿ ಬಂದು ನಿಲ್ಲುತ್ತಿದ್ದಳು. ಅತ್ತಿ ಅವಳನ್ನು ದಿಟ್ಟಿಸಿ ನೋಡಿ, “ಈಕಿ ಯಾರ ಕಡೀಂದ ಬಂದಿದ್ಲು ಲಗ್ನಕ್ಕ?” ಎಂದು ಕೇಳಿದರು. ನಾನು ನಕ್ಕು ನಕ್ಕು ನೆಲಕ್ಕೆ ಕೂತೆ. ಆಮೇಲೆ ನೀವು ಹೇಳಿದಂತೆ ತೆಗೆದುಹಾಕಿ, ಶಂಕು ಗುರುತಿನದನ್ನು ಇಳಿಸಿಕೊಂಡೆ. ನನ್ನ ಗೆಳತಿ ಕಾಜಲ್ ಹೇಳಿದಳೆಂದು ಇನ್ನೊಂದು ಚಿಕ್ಕ ಪ್ಲೇಯರನ್ನೂ ಹಾಕಿಕೊಂಡಿದ್ದೇನೆ. ಅದು ಹಗುರ, ಕ್ಲಿಕ್ ಮಾಡುವುದರೊಳಗೆ ತೆರೆದುಕೊಳ್ಳುತ್ತದೆ. ಯಾವುದು ನಮ್ಮ ಮನೆಗೆ ಒಗ್ಗುತ್ತದೋ ನೋಡೋಣ.

ಎರಡರಲ್ಲೂ ಚಿತ್ರ ಬಂತು. ನೀವು ಬಂದಿರಿ. ಆದರೆ ಒಂದು ಹೆಜ್ಜೆ ಇಡುತ್ತೀರಿ, ನಿಂತುಬಿಡುತ್ತೀರಿ, ಇನ್ನೊಂದು ಹೆಜ್ಜೆ, ಮತ್ತೆ ನಿಲ್ಲುತ್ತೀರಿ. ಭಟ್ಟರ ಮಂತ್ರ ಮುಂದೆ, ಭಟ್ಟರ ಬಾಯಿ ಹಿಂದೆ. “ಇವಗ ಲಗ್ನ ಬ್ಯಾಡಾಗಿತ್ತೇನ, ಹಿಂಗ ಜಗ್ಗಿಕೋತ ಬರಾಕತ್ತಾನ?” ಎಂದರು ಪಕ್ಕದ ಮನೆ ಸಿದ್ದಕ್ಕ. ಸ್ವಲ್ಪ ಹೊತ್ತಿಗೆ ಕಂಪ್ಯೂಟರಿನ ಫ್ಯಾನು ಗಿರಣಿಯ ಹಾಗೆ ಕೂಗಲು ಶುರುವಾಯಿತು, ಹೆದರಿ ಆರಿಸಿಬಿಟ್ಟೆ.

“ಇರ್ಲಿ ಬಿಡವಾ, ಹೆಂಗರ ಆಗ್ಲಿ” ಎಂದು ಅತ್ತಿ ಎದ್ದುಹೋದರು. ಅವರ ಮುಖ ನೋಡಿ ನನಗೇ ಕೆಡುಕೆನಿಸಿತು. ಒಂದು ವಿಡಿಯೊಗೆ ಇಷ್ಟು ಯಾಕೆ ಎಂದು ಸಿದ್ದಕ್ಕನನ್ನು ಕೇಳಿದೆ. ಅವರು ಸಂಕ್ರಮಣದ ಕುಸರೆಳ್ಳು ಮೆಲ್ಲುತ್ತಾ, ಸಹಜವಾಗಿ ಹೇಳಿದರು.

“ಆಕಿ ಎಲ್ಲಿ ನೋಡ್ಯಾಳ ಮಗನ ಲಗ್ನಾ? ಅಕ್ಕಿಕಾಳಿನ ಹೊತ್ತಿಗೆ ಉಗ್ರಾಣದಾಗ ಇದ್ಲು. ಲಾಡು ಅದಾವ, ಬೆಕ್ಕು ಬಂದೀತು, ನೀ ಇಲ್ಲೇ ಕುಂದ್ರು ಅಂತ ನಾನ ಕೂಡಿಸಿ ಬಂದೆ. ಗಂಡ ಇಲ್ಲದಾಕಿಗೆ ‘ಬರಬ್ಯಾಡ’ ಅನ್ನಾಕ ಆಗತೈತೇನ ತಂಗಿ? ಕಾಯಾಕ ಏನರ ಕೊಡ್ತೇವಿ. ಅದು ರೂಢಿ.”

ಹಳಿಯಾಳದ ಆ ಕಲ್ಯಾಣಮಂಟಪದಲ್ಲಿ ಬೆಕ್ಕು ಇತ್ತೇ? ನನಗೆ ನೆನಪಿಲ್ಲ. ಆ ಹೊತ್ತಿನಲ್ಲಿ ಅತ್ತಿ ಎಲ್ಲಿದ್ದರು ಎಂಬುದೂ ನೆನಪಿಲ್ಲ. ನಿಮ್ಮ ಸೋದರಮಾವ, ಮಾಮಿ ನಿಂತು ಎಲ್ಲ ಮಾಡಿದರು, ನಾನು ನನ್ನ ಮೂಗುತಿಯ ಚಿಂತೆಯಲ್ಲಿದ್ದೆ.

ಹಾಗಾಗಿ ಈ ವಿಡಿಯೊ ಹತ್ತಲೇಬೇಕು. ಉಪಾಯ ಹೇಳಿ. ಎಡಗಡೆ ಯಾರನ್ನು ನೋಡುತ್ತಿದ್ದಿರಿ ಎಂಬುದನ್ನೂ ಹೇಳಿ, ನೀವು ಆ ಪ್ರಶ್ನೆಯನ್ನು ನುಂಗಿಕೊಂಡಿದ್ದೀರಿ. ಸಜ್ಜಿ ರೊಟ್ಟಿ, ಮಾದಲಿ ಕಳಿಸಿದ್ದೇನೆ. ಮಾದಲಿ ಅತ್ತಿಯದು, ರೊಟ್ಟಿ ನನ್ನದು. ಗುಂಡಗಿಲ್ಲದಿದ್ದರೂ ತಿನ್ನಿ.

ನಿಮ್ಮ
ರಾಜಿ


ಟವರ್ ಕ್ಯಾಂಪ್
೧೯ ಜನವರಿ

ರಾಜಶ್ರೀ,

ರೊಟ್ಟಿ ತಿಂದೆ.

ತಪ್ಪು ಪ್ಲೇಯರಿನದಲ್ಲ, ಕಂಪ್ಯೂಟರಿನದು. ಅದಕ್ಕೆ ವಯಸ್ಸಾಗಿದೆ. ಇಷ್ಟು ದೊಡ್ಡ ಚಿತ್ರವನ್ನು ಓಡುತ್ತಾ ಓಡುತ್ತಾ ಬಿಚ್ಚುವ ಶಕ್ತಿ ಅದಕ್ಕಿಲ್ಲ. ಚಿತ್ರವನ್ನೇ ಚಿಕ್ಕದು ಮಾಡಬೇಕು. ವಿಎಲ್‌ಸಿಯಲ್ಲಿ ಮೇಲೆ ಎಡಗಡೆ ಮೀಡಿಯಾ ಎಂದಿರುತ್ತದೆ, ಅದರೊಳಗೆ ಕನ್ವರ್ಟ್. ಫೈಲು ಆರಿಸು. ಕೇಳಿದಾಗ ಎಚ್ ೨೬೪, ಎಂಪಿ೪ ಎಂಬುದನ್ನು ಆರಿಸು. ಅಗಲ ಎತ್ತರ ಅರ್ಧಕ್ಕಿಂತ ಕಡಿಮೆ ಇಡು. ಹೊಸ ಹೆಸರು ಕೊಡು, ಹಳೆಯದರ ಮೇಲೆ ಬರೆಯಬೇಡ. ಬೆಳಿಗ್ಗೆ ಹಚ್ಚಿದರೆ ಸಂಜೆಯಾಗಬಹುದು. ಅಷ್ಟರಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಹಳೆ ಯುಪಿಎಸ್ ನಂಬಬೇಡ, ಸಿದ್ದಕ್ಕನ ಮನೆಯ ಇನ್ವರ್ಟರಿನಿಂದ ವೈರ್ ಎಳೆದುಕೋ. ಅವರು ಕೊಡುತ್ತಾರೆ, ಅವರಿಗೂ ನೋಡುವುದಿದೆ.

ಅವ್ವನಿಗೆ ಕಿವಿ ಸ್ವಲ್ಪ ಮಂದ. ವಿಎಲ್‌ಸಿಯಲ್ಲಿ ಧ್ವನಿಯನ್ನು ನೂರರ ಮೇಲೂ ಏರಿಸಬಹುದು.

ಫೋಟೊದ ವಿಷಯ ಊರಿಗೆ ಬಂದಾಗ.

ಮಹಾಬಳೇಶ್ವರ


ಹಳೇ ದಾಂಡೇಲಿ
೨೭ ಜನವರಿ

ಪ್ರೀತಿಯ ಇವರಿಗೆ,

ಇಡೀ ಶನಿವಾರ ನಮ್ಮ ಲಗ್ನ ಚಿಕ್ಕದಾಗುತ್ತಾ ಕೂತಿತ್ತು. ಸಿದ್ದಕ್ಕನ ಕಿಟಕಿಯಿಂದ ನಮ್ಮ ಕಿಟಕಿಗೆ ವೈರು, ಅದರ ಕೆಳಗೆ ಯಾರೂ ಬಟ್ಟೆ ಒಣಗಿಸಬಾರದು ಎಂದು ಅವರದೇ ಕಾವಲು. ಸಂಜೆಗೆ ಆಯಿತು. ನಿನ್ನೆ ಭಾನುವಾರ ಊಟವಾದ ಮೇಲೆ ಎಲ್ಲರೂ ಕೂತೆವು. ಅತ್ತಿಯವರಿಗೆ ಕುರ್ಚಿ, ಸಿದ್ದಕ್ಕನಿಗೆ ಸ್ಟೂಲು, ನಾನು ನೆಲದ ಮೇಲೆ ಕೀಬೋರ್ಡನ್ನು ತೊಡೆಯಲ್ಲಿಟ್ಟುಕೊಂಡು.

ಎಣ್ಣೆ ಬಳಿದ ಹಾಗೆ ಸಲೀಸಾಗಿ ಹೋಯಿತು. ಅರಿಷಿಣ, ಸುರಗಿ ನೀರಿನ ಜಳಕ, ನಿಮ್ಮ ಬಾಸಿಂಗ ವಾಲಿದ್ದು, ನಿಮ್ಮ ಗೆಳೆಯರು ಅದನ್ನು ತಂತಿಯಿಂದ ಕಟ್ಟಿದ್ದು. ಅತ್ತಿ ಮುಂದಕ್ಕೆ ಬಾಗಿ ಕೂತಿದ್ದರು. “ಎಷ್ಟ ಸಣಕಾಗ್ಯಾನ” ಎಂದು ನಿಮ್ಮ ಬಗ್ಗೆ ಒಮ್ಮೆ, “ಸೀರಿ ಬಣ್ಣ ಚಲೋ ಬಂದೈತಿ” ಎಂದು ನನ್ನ ಬಗ್ಗೆ ಒಮ್ಮೆ ಹೇಳಿದರು. ಅಂತರಪಟ ಹಿಡಿದರು, ಮಂಗಲಾಷ್ಟಕ ಶುರುವಾಯಿತು, ಎಲ್ಲರ ಮುಷ್ಟಿಯಲ್ಲೂ ಅಕ್ಕಿಕಾಳು.

ಅತ್ತಿ ಎದ್ದುಬಿಟ್ಟರು. “ಹಾಲು ಉಕ್ಕತಾವ” ಎಂದು ಅಡುಗೆಮನೆಗೆ ಹೋದರು.

ನಾನು ಸ್ಪೇಸ್ ಬಾರ್ ಒತ್ತಿ ನಿಲ್ಲಿಸಿದೆ.

“ಯಾಕ, ಕರೆಂಟ್ ಹೋತೇನ?” ಎಂದರು ಸಿದ್ದಕ್ಕ.

“ಇಲ್ರಿ, ನಾನ ನಿಲ್ಲಿಸೇನಿ. ಅತ್ತಿ ಒಳಗ ಹೋದ್ರಲ್ಲಾ.”

“ಆಕಿ ಅಕ್ಕಿಕಾಳು ಮುಗಿದ ಮ್ಯಾಲೆ ಬರ್ತಾಳ. ನೀ ಹಚ್ಚು.”

ಒಳಗೆ ಹೋಗಿ ನೋಡಿದರೆ ಗ್ಯಾಸೇ ಹಚ್ಚಿರಲಿಲ್ಲ. ಅತ್ತಿ ಸೌಟು ಹಿಡಿದು ಕಟ್ಟೆಗೆ ಒರಗಿ ನಿಂತಿದ್ದರು.

“ಹಾಲು ಎಲ್ಲೈತ್ರಿ ಅತ್ತಿ?”

“ಬರ್ತೈತಲ್ಲಾ ಸಂಜೀಕ.”

“ಅದು ಆಗಿಹೋದ ಲಗ್ನಾರೀ. ಈಗ ನೋಡಿದ್ರ ಏನಾಗತೈತಿ?”

“ಲಗ್ನ ಆಗಿಹೋತು ಖರೆ. ನೀವಿಬ್ಬರೂ ಬಾಳೂದು ಇನ್ನಾ ಐತೆಲ್ಲೋ? ಆ ಹೊತ್ತಿಗೆ ನನ್ನ ಕಣ್ಣು ಬ್ಯಾಡ. ನೀವು ನೋಡಿ ಮುಗಸ್ರಿ, ಊಟದ್ದು ಬಂದಾಗ ಕರಿ.”

ನನಗೆ ಏನಾಯಿತೋ, “ಹಂಗಾರ ನೀವು ಬರೂತನಕಾ ನಾನೂ ಮುಂದ ಬಿಡೂದಿಲ್ಲ” ಎಂದುಬಿಟ್ಟೆ. ಹೊಸ ಸೊಸೆ ಹೀಗೆ ಮಾತಾಡಬಾರದು, ಗೊತ್ತು. ಅತ್ತಿ ಸಿಟ್ಟಾಗಲಿಲ್ಲ, ನಕ್ಕರು. ಹುಡುಗಾಟ ಎಂದುಕೊಂಡರು. ಹೊರಗಿನಿಂದ ಸಿದ್ದಕ್ಕ ಕೂಗಿದರು, “ಗೋದಕ್ಕಾ, ನಿನ್ನ ಸೊಸಿ ಅರ್ಧಾ ಲಗ್ನ ಮಾಡಿಕೊಂಡು ಮನ್ಯಾಗ ಕುಂತಾಳ ನೋಡ. ಮುಂದ ಆರತಿ ಹಾಡು ನಾನ ಹಾಡೇನಿ, ಅದನ್ನ ಯಾವಾಗ ತೋರಸ್ತೀರಿ?”

ಹುಡುಗಾಟ ಅಲ್ಲ. ಅಂತರಪಟದ ಆ ಕಡೆ ನೀವು ಕತ್ತು ಎಡಕ್ಕೆ ತಿರುಗಿಸಿ ನಿಂತಿದ್ದೀರಿ, ಈ ಕಡೆ ನಾನು ತಲೆ ತಗ್ಗಿಸಿದ್ದೇನೆ, ಕಾಳು ಇನ್ನೂ ಬಿದ್ದಿಲ್ಲ. ಆ ಲೆಕ್ಕದಲ್ಲಿ ನೀವು ಇನ್ನೂ ನನ್ನ ಗಂಡನಲ್ಲ. ಆದರೂ ಪತ್ರ ಬರೆಯುತ್ತಿದ್ದೇನೆ, ಕ್ಷಮಿಸಿ.

ಪ್ಲೇಯರ್ ಯಾವುದು ಎಂಬುದೂ ಇದರಿಂದಲೇ ತೀರ್ಮಾನವಾಯಿತು. ಆ ಹಗುರ ಪ್ಲೇಯರ್ ಚುರುಕೇ ಸರಿ, ಆದರೆ ಮುಚ್ಚಿ ತೆರೆದರೆ ಎಲ್ಲ ಮರೆತು ಮತ್ತೆ ಅರಿಷಿಣದಿಂದ ಶುರು ಮಾಡುತ್ತದೆ. ಸೆಟ್ಟಿಂಗ್ ಇದ್ದೀತು, ನನಗೆ ಸಿಗಲಿಲ್ಲ. ಶಂಕಿನದು ಹಾಗಲ್ಲ. ಇಂದು ತೆರೆದ ಕೂಡಲೇ, ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಲೇ ಎಂದು ತಾನೇ ಕೇಳಿತು. ಹಗುರದ್ದನ್ನು ತೆಗೆದುಹಾಕಿದೆ.

ನಿಮ್ಮ, ಸದ್ಯಕ್ಕೆ ಅರ್ಧ ನಿಮ್ಮ,
ರಾಜಿ


ಟವರ್ ಕ್ಯಾಂಪ್
೧೩ ಫೆಬ್ರವರಿ

ರಾಜಶ್ರೀ,

ಸುಖವಾಗಿ ತಲುಪಿದೆ. ಸೂಪಾ ದಾಟಿದ ಮೇಲೆ ಬಸ್ಸು ಪಂಕ್ಚರ್, ಒಂದು ತಾಸು ನಿಂತೆವು.

ಮನೆಗೆ ಬಂದಿದ್ದಾಗ ನೀನು ದಿನವೂ ಆ ಚಿತ್ರವನ್ನು ತೆರೆದು ಇಟ್ಟಿದ್ದೆ. ಅವ್ವ ಅದರ ಮುಂದಿನಿಂದ ಹಾದುಹೋಗುವಾಗ ಸೆರಗು ಅಡ್ಡ ಮಾಡಿಕೊಳ್ಳುತ್ತಿದ್ದಳು. “ನಿನ್ನ ಹೆಂಡತಿಗೆ ಹೇಳೋ, ಹಟಾ ಬ್ಯಾಡ ಅಂತ” ಎಂದು ನನಗೆ ಹೇಳಿದಳು. ನಾನು ಹೇಳಲಿಲ್ಲ. ಅವ್ವನಿಗೂ ಏನೂ ಹೇಳಲಿಲ್ಲ. ಎದುರಿಗೆ ಕೂತು ಇಂಥದ್ದನ್ನು ಮಾತಾಡಿ ನಮ್ಮ ಮನೆಯಲ್ಲಿ ರೂಢಿ ಇಲ್ಲ. ಅಪ್ಪ ಮಿಲ್ಲಿನಿಂದ ಬಂದರೆ ಊಟ, ರೇಡಿಯೊ, ನಿದ್ದೆ. ಅವನು ತೀರಿದ ಮೇಲೆ ರೇಡಿಯೊ ಕೂಡ ಇರಲಿಲ್ಲ.

ನೀನು ಮೂರು ಸಲ ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಐಸ್‌ಕ್ರೀಮ್ ಅಲ್ಲ. ಆ ಕಡೆ ಉಗ್ರಾಣದ ಬಾಗಿಲಿತ್ತು. ಅವ್ವ ಒಳಗಿದ್ದಾಳೆಂದು ನನಗೆ ಗೊತ್ತಿತ್ತು. ಅಲ್ಲಿ ಕಂಬಿಯ ಕಿಟಕಿಯಿತ್ತು, ಅಲ್ಲಿಂದಾದರೂ ನೋಡುತ್ತಾಳೇನೋ ಎಂದು ನೋಡಿದೆ. “ಮಾರಿ ಮುಂದ ಮಾಡಪಾ” ಎಂದು ಭಟ್ಟರು ಎರಡು ಸಲ ಹೇಳಿದರು. ನಾನು ಮಾಡಲಿಲ್ಲ. ಕಿಟಕಿಯಲ್ಲಿ ಯಾರೂ ಇರಲಿಲ್ಲ. ಅಷ್ಟರಲ್ಲಿ ಕಾಳು ಬಿದ್ದವು.

ಇದನ್ನು ಅವ್ವನಿಗೆ ಓದಿ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಟವರಿಗೆ ಇನ್ನು ಡಿಶ್ ಕೂಡಿಸುವುದೊಂದೇ ಬಾಕಿ. ತಿಂಗಳ ಕೊನೆಗೆ ಸಿಗ್ನಲ್ ಬರಬಹುದು. ಆಮೇಲೆ ಪತ್ರ ಬೇಕಾಗುವುದಿಲ್ಲ.

ಮಹಾಬಳೇಶ್ವರ


ಹಳೇ ದಾಂಡೇಲಿ
೧೭ ಫೆಬ್ರವರಿ

ಪ್ರೀತಿಯ ಮಹಾಬಳೇಶ್ವರ ಅವರಿಗೆ,

ಇಂದು ಹೆಸರು ಬರೆದಿದ್ದೇನೆ. ಅತ್ತಿ ಪಕ್ಕದಲ್ಲೇ ಇದ್ದಾರೆ, “ಬರಿ ಬರಿ, ಕಾಗದಕ್ಕೇನ ಬಾಯಿ ಐತಿ?” ಎಂದರು.

ನಿಮ್ಮ ಪತ್ರವನ್ನು ಶನಿವಾರವೇ ಓದಿ ಹೇಳಿದೆ. ಅತ್ತಿ ಬಾಗಿಲ ಬೆಳಕಿಗೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಪಂಕ್ಚರಿನಿಂದ ಶುರು ಮಾಡಿದೆ, ರೇಡಿಯೊ ಬಂದಾಗ ಒಮ್ಮೆ ತಲೆ ಎತ್ತಿದರು. ಭಟ್ಟರ ಮಾತು, ಕಿಟಕಿ, ಎಲ್ಲ ಓದಿದೆ. ಅವರು ಆರಿಸುವುದನ್ನು ನಿಲ್ಲಿಸಲಿಲ್ಲ. ಒಂದು ಕಲ್ಲು ತೆಗೆದು ಹೊರಗೆ ಎಸೆದರು, ಇನ್ನೊಂದು ತೆಗೆದರು.

ಮೂರನೆಯ ಕಲ್ಲು ಎಸೆದು ಕೇಳಿದರು, “ಕಾಳು ಬೀಳೂ ಮುಂದನೂ ಅಲ್ಲೇ ನೋಡಾಕತ್ತಿದ್ನೇನು?”

“ಹೂಂ ರೀ. ಈಗಲೂ ಅಲ್ಲೇ ನೋಡಾಕತ್ತಾರ. ನಾ ನಿಲ್ಲಿಸಿದಾಗಿಂದ ಕತ್ತು ಹೊರಳಿಸಿಕೊಂಡ ನಿಂತಾರ.”

“ಕಿಟಕಿ ಎತ್ತರ ಇತ್ತು. ನನಗ ಮುಟ್ಟಲಿಲ್ಲ” ಎಂದರು. “ಲಾಡಿನ ಡಬ್ಬಿ ಮ್ಯಾಲೆ ಹತ್ತಿ ನಿಂತ್ರ ಮುಟ್ಟತಿತ್ತು. ತಿನ್ನೂ ಪದಾರ್ಥದ ಮ್ಯಾಲೆ ಹೆಂಗ ಕಾಲಿಡೂದು ಅಂತ ಬಿಟ್ಟೆ.”

ಆಮೇಲೆ ಮೊರದಿಂದ ಒಂದು ಹಿಡಿ ಅಕ್ಕಿಯನ್ನು ಬೇರೆ ತೆಗೆದಿಟ್ಟರು. “ಅರಿಷಿಣದ ಡಬ್ಬಿ ಎಲ್ಲಿಟ್ಟಿ?” ಎಂದರು. ನಾನು ಸಾರಿಗೆ ಎಂದುಕೊಂಡು ತಂದುಕೊಟ್ಟೆ. ಒಂದು ಹನಿ ತುಪ್ಪ ಹಾಕಿ ತಟ್ಟೆಯಲ್ಲಿ ಕಲಸತೊಡಗಿದಾಗಲೇ ನನಗೆ ತಿಳಿದದ್ದು.

“ಹಚ್ಚು ನಿನ್ನ ಪೆಟಗಿ. ಸಿದ್ದವ್ವನ್ನ ಕರಿ. ಇಲ್ಲಾಂದ್ರ ವರ್ಷಾನಗಟ್ಟಲೆ ಆಡಿಕೋತಾಳ.”

ಸಿದ್ದಕ್ಕ ಬಂದವರು ಅತ್ತಿಯ ಕೈಯಲ್ಲಿನ ತಟ್ಟೆ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಆ ತಟ್ಟೆಯನ್ನು, ಪರದೆಯಲ್ಲಿ ನಿಂತ ನಿಮ್ಮನ್ನು, ಮತ್ತೆ ಅತ್ತಿಯ ಮುಖವನ್ನು ನೋಡಿ, ಸ್ಟೂಲು ಎಳೆದುಕೊಂಡು, “ನನಗೂ ಒಂದೀಟು ಕೊಡು ಗೋದಕ್ಕ. ಬರೀ ಕೈಲೇ ಹೆಂಗ ಕುಂದ್ರಲಿ” ಎಂದರು.

ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಲೇ ಎಂದು ಅದು ಕೇಳಿತು, ನಾನು ಹೂಂ ಎಂದೆ. ನೀವು ಕತ್ತು ಅಲುಗಿಸಿದಿರಿ, ಭಟ್ಟರು ನಿಮ್ಮ ಭುಜ ಮುಟ್ಟಿದರು, ಗಟ್ಟಿಮೇಳ ಶುರುವಾಯಿತು. ಧ್ವನಿ ನೂರರ ಮೇಲೆ ಎಷ್ಟಿತ್ತೋ, ಓಣಿಗೆಲ್ಲ ಕೇಳಿಸಿರಬೇಕು. ಅಂತರಪಟ ಇಳಿಯಿತು. ಅತ್ತಿ ಕುರ್ಚಿಯಿಂದ ಎದ್ದು ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡು, ಅಕ್ಕಿಕಾಳು ಎಸೆದರು. ಮೊದಲು ನಿಮಗೆ, ಆಮೇಲೆ ನನಗೆ. ಪರದೆಯ ಮೇಲಿನ ನನಗೆ. ನೆಲದ ಮೇಲೆ ಕೂತಿದ್ದ ನನ್ನ ತಲೆಯ ಮೇಲೂ ಬಿದ್ದವು, ಕೊನೆಯ ಹಿಡಿ ಬೇಕೆಂದೇ ನನಗೆ ಹಾಕಿದರು ಎಂದು ನನ್ನ ಅನುಮಾನ.

ಆಮೇಲೆ ಊಟದ್ದು, ಆರತಿಯದ್ದು ಎಲ್ಲ ನೋಡಿದೆವು. ಸಿದ್ದಕ್ಕನ ಹಾಡು ಬಂದಾಗ ಅವರೇ ಮತ್ತೊಮ್ಮೆ ಹಾಡಿದರು, ಹಾಗಾಗಿ ಎರಡೂ ಕೇಳಿಸಲಿಲ್ಲ. ಹಾಲು ನಿಜವಾಗಿಯೂ ಒಲೆಯ ಮೇಲಿತ್ತು, ಉಕ್ಕಿಯೇ ಹೋಯಿತು, ಯಾರೂ ಏಳಲಿಲ್ಲ.

ಈಗ ಕೆಲಸದ ಮಾತು. ಕೀಬೋರ್ಡಿನ ಸಂದಿಗಳಲ್ಲೆಲ್ಲ ಅಕ್ಕಿ ಸಿಕ್ಕಿಕೊಂಡಿದೆ. ಸ್ಪೇಸ್ ಬಾರಿನ ಕೆಳಗೆ ಬಹಳ ಇವೆ, ಅದು ಕೆಳಕ್ಕೆ ಹೋಗುವುದೇ ಇಲ್ಲ, ತುಪ್ಪದ ಪಸೆ ಬೇರೆ. ಬೋರಲು ಹಾಕಿ ತಟ್ಟಲು ಹೋದರೆ, “ಅಕ್ಕಿಕಾಳ ಝಾಡಸಬಾರ್ದು, ಇರ್ಲಿ” ಎಂದು ಅತ್ತಿ ಕಸಿದುಕೊಂಡರು. ಹಾಗಾಗಿ ಹಚ್ಚಿದರೆ ನಿಲ್ಲಿಸಲು ಬರುವುದಿಲ್ಲ, ಕೊನೆಯತನಕ ನೋಡಬೇಕು. ಅತ್ತಿ ನಿನ್ನೆಯೂ ನೋಡಿದರು, ಇಂದೂ ನೋಡಿದರು.

ಬರುವಾಗ ಒಂದು ಸಣ್ಣ ಸ್ಕ್ರೂಡ್ರೈವರ್, ಬಣ್ಣ ಬಳಿಯುವ ಒಂದು ಬ್ರಶ್ ತನ್ನಿ. ಅವಸರವೇನೂ ಇಲ್ಲ.

ನಿಮ್ಮ
ರಾಜಶ್ರೀ

ತಾ.ಕ.: ಟವರ್ ಚಾಲೂ ಆದ ಮೇಲೂ ವಸ್ತಿ ಬಸ್ಸು ಇರುತ್ತದಲ್ಲ?